ಆರಿಂಚಿನ ಪೈಪೇ ಸರಿ: ನನ್ನ ಶೆಡ್ಡಿನ ಅನುಭವ

ಕಳೆದ ಭಾನುವಾರ ಹತ್ತು ಹನ್ನೆರಡು ಸಿಲ್ವರ್ ಓಕ್ ಹಲಗೆಗಳನ್ನು ಪ್ಲೇನರ್‌ಗೆ (ಹಲಗೆಯ ಮೈ ಹೆರೆದು ಸಮ ಮಾಡುವ ಯಂತ್ರ) ಕೊಟ್ಟೆ. ಕೆಲಸ ಮುಗಿದ ಮೇಲೆ ನೆಲ ಗುಡಿಸಿದರೆ ಸಿಕ್ಕಿದ್ದು ಎರಡು ಹಿಡಿ ಹೊಟ್ಟು. ಎರಡು ವರ್ಷದ ಹಿಂದೆ ಇಷ್ಟೇ ಕೆಲಸಕ್ಕೆ ಒಂದು ಗೊಬ್ಬರದ ಚೀಲ ತುಂಬುತ್ತಿತ್ತು. ಈಗ ಹೊಟ್ಟನ್ನು ಡಸ್ಟ್ ಕಲೆಕ್ಟರ್ ಎಂಬ ಯಂತ್ರ ಆರಿಂಚಿನ ಪೈಪಿನ ಮೂಲಕ ಎಳೆದುಕೊಳ್ಳುತ್ತದೆ. "ಮನೆಯ ಶೆಡ್ಡಿಗೆ ಆರಿಂಚಿನ ಪೈಪು ಯಾಕೆ? ಪೈಪು ದೊಡ್ಡದಾದರೆ ಎಳೆತ ಹೋಗುತ್ತದೆ" ಎಂದವರು ಮೂವರು: ಪೈಪಿನ ಅಂಗಡಿಯವರು, ನನಗೆ ಯಂತ್ರ ಮಾರಿದವರು, ಮತ್ತು ನಾನು ಕೆಲಸ ಕಲಿತ ಮೇಸ್ತ್ರಿ. ಮೊದಲಿಬ್ಬರ ಮಾತು ಬಿಟ್ಟರೂ ಮೇಸ್ತ್ರಿಯ ಮಾತು ಬಿಡಲಾಗದೆ ನಾನು ಮೊದಲು ನಾಲ್ಕಿಂಚಿಗೇ ಒಪ್ಪಿಕೊಂಡೆ. ಖರ್ಚು ಶುರುವಾದದ್ದು ಅಲ್ಲಿಂದ.

ಶೆಡ್ಡು ಮೈಸೂರಿನ ನಮ್ಮ ಮನೆಯ ಹಿತ್ತಲಿನಲ್ಲಿದೆ, ಸುಮಾರು 16 ಅಡಿಗೆ 22 ಅಡಿ. ಟೇಬಲ್ ಸಾ, ಬ್ಯಾಂಡ್ ಸಾ ಎಂಬ ಎರಡು ಗರಗಸದ ಯಂತ್ರ, ಪ್ಲೇನರ್, ಅಂಚು ಕೆತ್ತುವ ಒಂದು ರೂಟರ್ ಟೇಬಲ್. ಡಸ್ಟ್ ಕಲೆಕ್ಟರ್ 2 ಎಚ್‌ಪಿ, ಸಿಂಗಲ್ ಫೇಸ್, 12 ಇಂಚಿನ ಇಂಪೆಲ್ಲರ್ (ಗಾಳಿ ಎಳೆಯುವ ಚಕ್ರ). ಅದರ ಮೇಲೆ 1,200 ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ, ಎಂದು ಬರೆದಿತ್ತು. ಪೈಪನ್ನೇ ಜೋಡಿಸದೆ, ಚೀಲವನ್ನೂ ಕಟ್ಟದೆ ಅಳೆದರೆ ಮಾತ್ರ ಆ ಲೆಕ್ಕ ಬರುತ್ತದೆ ಎಂದು ಆಮೇಲೆ ಗೊತ್ತಾಯಿತು.

ಮೊದಲ ಸಲ ಹಾಕಿದ್ದು ಚರಂಡಿಗೆ ಬಳಸುವ ನಾಲ್ಕಿಂಚಿನ, ಅಂದರೆ 110 ಮಿಲಿಮೀಟರ್ ಪಿವಿಸಿ ಪೈಪು, 90 ಡಿಗ್ರಿ ಎಲ್ಬೋ, ಟಿ ಆಕಾರದ ಮಾಮೂಲಿ ಕವಲು (ಟೀ). ಎಲ್ಲವನ್ನೂ ಸಾಲ್ವೆಂಟ್ ಹಚ್ಚಿ ಅಂಟಿಸಿಬಿಟ್ಟೆ. ಎಂಟನೆಯ ದಿನ ಪ್ಲೇನರ್‌ನ ಟೀಯಲ್ಲಿ ಸುರುಳಿ ಹೊಟ್ಟು ಹೆಣೆದುಕೊಂಡು ಗಟ್ಟಿ ಬಿರಡೆಯಾಯಿತು. ಕೋಲು ಹಾಕಿದರೂ ಜಗ್ಗಲಿಲ್ಲ. ಕೊನೆಗೆ ಗರಗಸದಿಂದ ಪೈಪನ್ನೇ ಕೊಯ್ದು ತೆಗೆದೆ. ಪೈಪು, ಫಿಟ್ಟಿಂಗ್, ಸುರುಳಿ ಹೋಸು ಎಲ್ಲ ಸೇರಿ ಹನ್ನೊಂದು ಹನ್ನೆರಡು ಸಾವಿರ ರೂಪಾಯಿ ಹೋಯಿತು. ಅಂದಿನಿಂದ ನನ್ನ ಶೆಡ್ಡಿನಲ್ಲಿ ಯಾವ ಸಂದಿಗೂ ಸಾಲ್ವೆಂಟ್ ಹಚ್ಚಿಲ್ಲ. ಎರಡು ಚಿಕ್ಕ ಸ್ಕ್ರೂ, ಮೇಲೊಂದು ಸುತ್ತು ಅಲ್ಯೂಮಿನಿಯಂ ಟೇಪು, ಅಷ್ಟೇ. ಬೇಕೆಂದಾಗ ಬಿಚ್ಚಬಹುದು.

ಅದೇ ತಿಂಗಳು ಇನ್ನೊಂದು ನಷ್ಟ. ಹೊಟ್ಟು ಕಲೆಕ್ಟರ್‌ಗೆ ಹೋಗುವ ಮೊದಲೇ ಬೇರ್ಪಡಲಿ ಎಂದು ಮಧ್ಯದಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ ಇಟ್ಟು, ಒಳಗೆ ಪ್ಲೈವುಡ್ಡಿನ ಬ್ಯಾಫಲ್ (ಹೊಟ್ಟು ಕೆಳಗೆ ಬೀಳಲು ಸೀಳು ಬಿಟ್ಟ ಅಡ್ಡ ಹಲಗೆ) ಕೂರಿಸಿದ್ದೆ. ಒಂದು ಸಂಜೆ ಎಲ್ಲ ಗೇಟುಗಳನ್ನೂ (ಒಂದೊಂದು ಯಂತ್ರದ ಪೈಪನ್ನು ತೆರೆದು ಮುಚ್ಚುವ ಜಾರು ಬಾಗಿಲು) ಮುಚ್ಚಿಟ್ಟು ಮರೆತು ಕಲೆಕ್ಟರ್ ಹಾಕಿದೆ. ಧಡ್ ಎಂದು ಡ್ರಮ್ ಒಳಕ್ಕೆ ಕುಸಿಯಿತು, ಬ್ಯಾಫಲ್ ಎರಡು ಹೋಳು. ಈಗ ಇರುವುದು ಎಣ್ಣೆಯ ಹಳೆಯ ಕಬ್ಬಿಣದ ಡ್ರಮ್, 200 ಲೀಟರಿನದು. ಹೊಸ ಬ್ಯಾಫಲ್‌ನ ಸೀಳಿನ ಅಗಲವನ್ನು ನಾಲ್ಕು ಸಲ ಬದಲಿಸಿ ನೋಡಿ ಹೊಂದಿಸಿಕೊಂಡೆ. ಆ ಅಳತೆಯನ್ನು ಇಲ್ಲಿ ಬರೆಯುವುದಿಲ್ಲ. ಒಂದು ಮಳೆಗಾಲ ಪೂರ್ತಿ ತೆಗೆದುಕೊಂಡ ಅಳತೆ ಅದು.

ಎಳೆತದ ವಾದ ತೀರ್ಮಾನವಾದದ್ದು ಹತ್ತು ರೂಪಾಯಿಯ ಉಪಾಯದಿಂದ. ಗಾರೆಯವರು ಮಟ್ಟ ನೋಡುವ ಪಾರದರ್ಶಕ ಪೈಪಿನ ತುಂಡನ್ನು ಯು ಆಕಾರದಲ್ಲಿ ಹಲಗೆಗೆ ಬಡಿದು, ಕುಂಕುಮ ಕದಡಿದ ನೀರು ತುಂಬಿಸಿ, ಒಂದು ತುದಿಯನ್ನು ಕಲೆಕ್ಟರ್ ಹತ್ತಿರ ಪೈಪಿಗೆ ಕೊರೆದ ತೂತಿಗೆ ಸಿಕ್ಕಿಸಿದೆ. ಎಲ್ಲ ಗೇಟು ಮುಚ್ಚಿದಾಗ ಎರಡು ಕಡೆಯ ನೀರಿನ ನಡುವೆ ಎಂಟಿಂಚಿನಷ್ಟು ವ್ಯತ್ಯಾಸ. ಅಂದರೆ ಗಾಳಿ ಸ್ವಲ್ಪವೂ ಓಡದಿರುವಾಗ ಎಳೆತ ಅತಿ ಹೆಚ್ಚು! ನಾಲ್ಕಿಂಚಿನ ಪೈಪಿನಲ್ಲಿ ಪ್ಲೇನರ್ ಗೇಟು ತೆರೆದಾಗಲೂ ನೀರಿನ ವ್ಯತ್ಯಾಸ ಆರಿಂಚಿನ ಮೇಲೆಯೇ ನಿಂತಿತ್ತು. ಕಲೆಕ್ಟರ್ ಉಸಿರುಕಟ್ಟಿಕೊಂಡು ಕೂತಿತ್ತು ಎಂದರ್ಥ. ಅಂಗೈ ಅಡ್ಡ ಹಿಡಿದರೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಅದನ್ನೇ ಎಲ್ಲರೂ ಶಕ್ತಿ ಎಂದು ತಿಳಿದಿದ್ದೆವು. ಹೊಟ್ಟನ್ನು ಹೊತ್ತೊಯ್ಯುವುದು ಕಚ್ಚುವ ಬಲವಲ್ಲ, ಓಡುವ ಗಾಳಿ. ಮೇಸ್ತ್ರಿಯನ್ನು ಕರೆದು ಕೆಂಪು ನೀರನ್ನು ತೋರಿಸಿದೆ. ಬಹಳ ಹೊತ್ತು ನೋಡಿ, "ಹಾಕಿ ನೋಡಪ್ಪಾ" ಎಂದರು.

ಹಾಕಿದೆ. ವ್ಯವಸಾಯಕ್ಕೆ ಬಳಸುವ ತೆಳು ಗೋಡೆಯ 160 ಮಿಲಿಮೀಟರ್ ಪೈಪು, 20 ಅಡಿಯ ಉದ್ದ ಒಂದಕ್ಕೆ ಎರಡು ಸಾವಿರದ ಮೇಲೆ ಇನ್ನೂರೋ ಮುನ್ನೂರೋ ಆಯಿತು. ಎರಡು ಉದ್ದ ಸಾಕಾಯಿತು. ನಾಲ್ಕಿಂಚಿಗೆ ಹೋಲಿಸಿದರೆ ಒಳಗಿನ ಜಾಗ ಎರಡರಷ್ಟಕ್ಕೂ ಹೆಚ್ಚು.

ಆದರೆ ಮೊದಲ ವಾರ ಇದೂ ಸೋತಿತು. ಒಂದು ಸಂದಿ ಬಿಚ್ಚಿ ಟಾರ್ಚ್ ಬಿಟ್ಟರೆ ಪೈಪಿನ ತಳದಲ್ಲಿ ಹೊಳೆಯ ಮರಳಿನ ದಿಬ್ಬದಂತೆ ಹೊಟ್ಟು ಮಲಗಿತ್ತು. ಮೂವರೂ ಹೇಳಿದ್ದು ಇದನ್ನೇ ಅಲ್ಲವೇ ಎಂದು ಎರಡು ದಿನ ಶೆಡ್ಡಿಗೆ ಕಾಲಿಡಲಿಲ್ಲ. ಆಮೇಲೆ ಹೊಳೆಯಿತು: ದೊಡ್ಡ ಪೈಪು ಹಾಕಿದ್ದೆ, ಪ್ಲೇನರ್, ಟೇಬಲ್ ಸಾಗಳ ಬಾಯಿ ಮಾತ್ರ ನಾಲ್ಕಿಂಚಿನದೇ ಉಳಿದಿತ್ತು. ಆ ಬಾಯಿಯಲ್ಲಿ ನುಗ್ಗುವುದು ಹೆಚ್ಚೆಂದರೆ 350 ಸಿಎಫ್‌ಎಂ. ಅಷ್ಟು ಗಾಳಿ ಆರಿಂಚಿನಲ್ಲಿ ನಿಮಿಷಕ್ಕೆ 1,800 ಅಡಿಯೂ ಓಡುವುದಿಲ್ಲ. ಹೊಟ್ಟು ಕೂರದಿರಬೇಕಾದರೆ 4,000ದ ಹತ್ತಿರ ಓಡಬೇಕು.

ಹಾಗಾಗಿ ಯಂತ್ರದ ಬಾಯಿಯನ್ನೇ ಕತ್ತರಿಸಿದೆ. ವಾರಂಟಿ ಹೋಯಿತು, ಹೋಗಲಿ. ಟೇಬಲ್ ಸಾ ಪೆಟ್ಟಿಗೆಗೆ ಜಿಗ್ ಸಾದಿಂದ ಆರಿಂಚಿನ ತೂತು ತೆರೆದೆ. ಪ್ಲೇನರ್‌ನ ಹುಡ್ಡನ್ನು (ಹೊಟ್ಟು ಹಿಡಿದು ಪೈಪಿಗೆ ಕೊಡುವ ಮುಚ್ಚಳ) ಟ್ರಂಕು ಮಾಡುವ ತಗಡಿನ ಅಂಗಡಿಯಲ್ಲಿ ಹೊಸದಾಗಿ ಮಾಡಿಸಿದೆ, 900 ರೂಪಾಯಿ. ನೆನಪಿಡಬೇಕಾದ ಇನ್ನೊಂದು ಸಂಗತಿ: ಉತ್ಸಾಹದಲ್ಲಿ ಟೇಬಲ್ ಸಾ ಪೆಟ್ಟಿಗೆಯ ಸಂದುಗೊಂದುಗಳನ್ನೆಲ್ಲ ಟೇಪು ಹಾಕಿ ಮುಚ್ಚಿದ್ದೆ, ಆಗ ಕೆಲಸ ಕೆಟ್ಟಿತು. ಗಾಳಿ ಒಳಗೆ ಬರಲು ದಾರಿಯೇ ಇಲ್ಲದಿದ್ದರೆ ಹೊರಗೆ ಹೋಗುವುದಾದರೂ ಏನು? ಮುಂಭಾಗದಲ್ಲಿ ಮತ್ತೆ ಕಿಂಡಿ ಬಿಟ್ಟೆ. ಈಗ ಪ್ಲೇನರ್ ಗೇಟು ತೆರೆದರೆ ಕೆಂಪು ನೀರಿನ ವ್ಯತ್ಯಾಸ ನಾಲ್ಕಿಂಚಿನ ಆಸುಪಾಸು, ಪೈಪಿನ ತಳ ಕನ್ನಡಿಯಂತೆ ಖಾಲಿ.

ತಿರುವುಗಳಿಗೆ 45 ಡಿಗ್ರಿಯ ಎರಡು ಬೆಂಡು, ನಡುವೆ ಒಂದಡಿ ನೇರ ಪೈಪು. ಕವಲಿಗೆ ವೈ ಆಕಾರದ ಓರೆ ಫಿಟ್ಟಿಂಗ್ (ವೈ) ಮಾತ್ರ. ಪೂರ್ತಿ ಆರಿಂಚಿನ ವೈ ನನಗೆ ಬೇಕಾದ ಓರೆಯಲ್ಲಿ ಸಿಗಲಿಲ್ಲ, ಹಾಟ್ ಏರ್ ಗನ್ನಿನಿಂದ ಪೈಪನ್ನು ಮೆತ್ತಗೆ ಮಾಡಿ ನಾನೇ ಮಾಡಿಕೊಂಡೆ. ಅದಕ್ಕೆ ಕಾಗದದ ಅಚ್ಚೊಂದಿದೆ, ಶೆಡ್ಡಿಗೆ ಬಂದವರಿಗೆ ತೋರಿಸುತ್ತೇನೆ. ಸುರುಳಿ ಹೋಸು ಎಲ್ಲಿಯೂ ಎರಡಡಿ ಮೀರಿಲ್ಲ. ಗೇಟುಗಳು ಪ್ಲೈವುಡ್ ಚೌಕಟ್ಟಿನಲ್ಲಿ ಅಕ್ರಿಲಿಕ್ ಹಾಳೆ, ಒಂದಕ್ಕೆ ನೂರೈವತ್ತರೊಳಗೆ. ಹಾಳೆಯ ಜಾಡು ಎರಡೂ ತುದಿಯಲ್ಲಿ ತೆರೆದಿರಬೇಕು. ಒಂದು ತುದಿ ಮುಚ್ಚಿದ್ದರೆ ಮೂಲೆಯಲ್ಲಿ ಹೊಟ್ಟು ಗಿಡಿದು ಗೇಟು ಪೂರ್ತಿ ಮುಚ್ಚುವುದಿಲ್ಲ. ಸೋರಿಕೆ ಹುಡುಕಲು ಒಂದು ಊದುಬತ್ತಿ ಸಾಕು, ಹೊಗೆ ಎತ್ತ ಬಾಗುತ್ತದೆಯೋ ಅಲ್ಲಿ ಟೇಪು.

ಮಾರ್ಚಿನ ಒಣಹವೆಯಲ್ಲಿ ಪೈಪು ಮುಟ್ಟಿದರೆ ಚುರುಕ್ ಎಂದು ಶಾಕ್ ಹೊಡೆಯುತ್ತಿತ್ತು. ಬರಿಯ ತಾಮ್ರದ ತಂತಿಯನ್ನು ಪೈಪಿನ ಉದ್ದಕ್ಕೂ ಸುತ್ತಿ ಅರ್ತ್‌ಗೆ ಕೊಟ್ಟ ಮೇಲೆ ಬಹುಮಟ್ಟಿಗೆ ನಿಂತಿದೆ. ನನ್ನ ಹೆಚ್ಚಿನ ಭಯ ಕಿಡಿಯದು: ಗ್ರೈಂಡರ್ ಹಿಡಿದಾಗ ಹತ್ತಿರದ ಗೇಟು ತೆರೆದಿರಲು ನಾನು ಬಿಡುವುದೇ ಇಲ್ಲ.

ಚೀಲದ ವಿಷಯಕ್ಕೆ ಬರುತ್ತೇನೆ. ಕಲೆಕ್ಟರ್ ಜೊತೆ ಬಂದ ಬಟ್ಟೆಯ ಚೀಲದಿಂದ ಸಣ್ಣ ಧೂಳು ಸೋರುತ್ತದೆಂದು ಮೊದಲು ಗಾಳಿಯನ್ನು ಗೋಡೆಯಾಚೆ ಬಿಟ್ಟಿದ್ದೆ. ಪಕ್ಕದ ಮನೆಯ ಅಜ್ಜಿ ಮಹಡಿಯಲ್ಲಿ ಸಂಡಿಗೆ ಒಣಹಾಕಿದ್ದ ದಿನ ನಾನು ಹೊನ್ನೆ ಕೊಯ್ದೆ. ಸಂಡಿಗೆಯ ಮೇಲೆಲ್ಲ ಹಳದಿ ಪುಡಿ. ಅವರು ಗದರಲಿಲ್ಲ, "ಇದನ್ನು ನೀನು ದಿನಾ ಕುಡಿಯುತ್ತಿದ್ದೀಯಲ್ಲ ಮಗು" ಎಂದರು. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಗೊತ್ತಿದ್ದೂ ಮುಂದೂಡಿದ್ದೆ. ಮರುವಾರ ಐದು ಸಾವಿರದ ಹತ್ತಿರ ಕೊಟ್ಟು ದಪ್ಪ ಫೆಲ್ಟಿನ ಚೀಲ ತರಿಸಿದೆ, ಕಲೆಕ್ಟರನ್ನು ಶೆಡ್ಡಿನ ಒಳಗೇ ಇಟ್ಟೆ. ಅದಕ್ಕೂ ಮೊದಲು ಲಾರಿಯ ಹಳೆಯ ಏರ್ ಫಿಲ್ಟರ್ ಕೂರಿಸಿ ನೋಡಿದ್ದೆ. ಎರಡು ದಿನ ಚೆನ್ನಾಗಿತ್ತು, ಮೂರನೆಯ ದಿನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪುಡಿ ಮೆತ್ತಿಕೊಂಡು ಕಟ್ಟಿತು.

ಎರಡನೆಯ ಸಲದ ಖರ್ಚು ಚೀಲವೂ ಸೇರಿ ಹದಿನೇಳು ಹದಿನೆಂಟು ಸಾವಿರ. ಮೊದಲೇ ಆರಿಂಚು ಹಾಕಿದ್ದರೆ ನಾಲ್ಕಿಂಚಿನ ಹನ್ನೆರಡು ಸಾವಿರ ಉಳಿಯುತ್ತಿತ್ತು.

ರಾತ್ರಿ ದೀಪ ಆರಿಸಿ ಶೆಡ್ಡಿಗೆ ಅಡ್ಡಲಾಗಿ ಟಾರ್ಚ್ ಬಿಟ್ಟು ನೋಡುವುದು ನನ್ನ ಪರೀಕ್ಷೆ. ಹಿಂದೆ ಬೆಳಕಿನ ಕೋಲು ಹಾಲಿನಂತೆ ದಟ್ಟವಾಗಿ ಕಾಣುತ್ತಿತ್ತು. ಈಗ ಎದುರುಗೋಡೆಯ ಮೇಲಿನ ದುಂಡು ಬೆಳಕು ಮಾತ್ರ ಕಾಣುತ್ತದೆ. ರೂಟರ್ ಟೇಬಲ್ ಬಳಸಿದ ದಿನ ಮಾತ್ರ ಆ ಕೋಲು ತೆಳುವಾಗಿ ಮತ್ತೆ ಮೂಡುತ್ತದೆ. ಅದರ ಕೆಳಗಿನ ಪೆಟ್ಟಿಗೆಯನ್ನು ಈ ತಿಂಗಳು ಬಿಚ್ಚಿದ್ದೇನೆ.