ಮನೆಮಂದಿಗೆಲ್ಲ ಒಂದು ಗುಟ್ಟಿನ ಪದವಿರಲಿ

ಕಳೆದ ವಾರ ಮೂಡಿಗೆರೆಯ ತೋಟದ ಮನೆಯಲ್ಲಿರುವ ನನ್ನ ತಾಯಿಗೆ ಪೊಲೀಸ್ ಸಮವಸ್ತ್ರ ಧರಿಸಿದವನೊಬ್ಬ ವಿಡಿಯೋ ಕರೆ ಮಾಡಿ, ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗಳು ಮಾದಕ ವಸ್ತುವಿನ ಪ್ರಕರಣದಲ್ಲಿ ಸಿಕ್ಕಿಬಿದ್ದಿದ್ದಾಳೆಂದು ಹೆದರಿಸಿ, ಅವಳದೇ ಎನ್ನುವಂತಹ ಅಳುವ ದನಿಯನ್ನೂ ಕೇಳಿಸಿದ. ಅಮ್ಮ ಕೇಳಿದ್ದು ಇಷ್ಟೇ: "ನಮ್ಮನೆ ಮಾತು ಹೇಳು ಪುಟ್ಟಿ." ಕರೆ ಅಲ್ಲಿಗೇ ಕಡಿತವಾಯಿತು.

ಕೆಲವೇ ಸೆಕೆಂಡುಗಳ ಧ್ವನಿಮುದ್ರಣ ಸಿಕ್ಕರೂ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಯಾರ ದನಿಯನ್ನಾದರೂ ಅನುಕರಿಸಬಲ್ಲವು. ಆದ್ದರಿಂದ ಮನೆಯವರೆಲ್ಲ ಎದುರೆದುರು ಕುಳಿತು ಗುಟ್ಟಿನ ಪದವೊಂದನ್ನು ಗೊತ್ತುಮಾಡಿಕೊಳ್ಳಿ. ಹುಟ್ಟಿದ ದಿನ, ಊರು, ಸಾಕುನಾಯಿಯ ಹೆಸರು ಬೇಡ, ಏಕೆಂದರೆ ಅವನ್ನೆಲ್ಲ ನಾವೇ ಫೇಸ್‌ಬುಕ್ಕಿನಲ್ಲಿ ಹಾಕಿರುತ್ತೇವೆ; ತೋಟದ ಮರವೊಂದಕ್ಕೆ ಮಕ್ಕಳು ಇಟ್ಟ ಹೆಸರಿನಂಥದ್ದಾದರೆ ಹಿರಿಯರಿಗೂ ನೆನಪಿರುತ್ತದೆ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಯಲೇಬೇಡಿ.

ವಿಡಿಯೋ ಕರೆಯಲ್ಲೇ ಬಂಧಿಸಿದ್ದೇವೆಂದು ವಂಚಕರು ಹೆದರಿಸುವ 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ ಎಂಬುದನ್ನೂ ಹಿರಿಯರಿಗೆ ಬಿಡಿಸಿ ಹೇಳಿ. ಹಣ ಹೋಗಿಯೇಬಿಟ್ಟರೆ ನಾಚಿಕೆಪಟ್ಟು ಸುಮ್ಮನೆ ಕೂರದೆ ಕೂಡಲೇ ಸೈಬರ್ ವಂಚನೆಯ ದೂರಿಗೆಂದೇ ಇರುವ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ವಂಚಕರು ಹಣವನ್ನು ಬೇರೆ ಬೇರೆ ಖಾತೆಗಳಿಗೆ ಹಂಚುವ ಮೊದಲೇ ದೂರು ತಲುಪಿದರೆ ಬ್ಯಾಂಕು ಅದನ್ನು ತಡೆಹಿಡಿಯಲು ಸಾಧ್ಯವಿದೆ. ಅಮ್ಮ ಫೋನ್ ಇಡುವ ಜಾಗದ ಮೇಲಿನ ಕ್ಯಾಲೆಂಡರಿನಲ್ಲಿ ಆ ನಾಲ್ಕು ಅಂಕಿಗಳನ್ನು ನಾನು ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದಿದ್ದೇನೆ.