ತೋಟದ ಮನೆ ಕೆಲಸ ಹಿಡಿಯುವ ಮುನ್ನ ಪಾರ್ಟಿಯನ್ನು (ಕೆಲಸ ಕೊಡುವವರನ್ನು) ಅಳೆಯುವುದು ಹೇಗೆ

ಪೇಂಟಿಂಗ್, ವೈರಿಂಗ್, ಪ್ಲಂಬಿಂಗ್, ಛಾವಣಿ ರಿಪೇರಿ ಹಿಡಿಯುವವರಿಗೆ ಕೊಡಗಿನಲ್ಲಿ ಕೆಲಸಕ್ಕೇನೂ ಬರವಿಲ್ಲ, ಬರ ಇರುವುದು ದಿನಗಳಿಗೆ. ಜೂನ್ ಮಳೆ ಹಿಡಿಯುವ ಮೊದಲು ಎಲ್ಲರ ಹೊರಗಿನ ಕೆಲಸವೂ ಒಟ್ಟಿಗೇ ಬೀಳುತ್ತದೆ. ಏಪ್ರಿಲ್-ಮೇ ತಿಂಗಳ ಎಂಟು ವಾರಗಳಲ್ಲಿ ಎರಡು ವಾರ ಹುಡುಗರು ಒಂದು ತಕರಾರಿನ ಮನೆಯಲ್ಲಿ ಸಿಕ್ಕಿಕೊಂಡರೆ ಸೀಸನ್ನಿನ ಕಾಲುಭಾಗ ಕೈಬಿಟ್ಟಂತೆ.

ಮೊದಲ ಸುಳಿವು ಫೋನಿನಲ್ಲೇ ಸಿಗುತ್ತದೆ. ‘ಸುಮ್ನೆ ಅಂದಾಜು ಹೇಳಿ, ಸಾಕು’ ಎಂದು ಒತ್ತಾಯಿಸುವವರ ಮಟ್ಟಿಗೆ ಆ ಅಂದಾಜೇ ಕೊನೇ ರೇಟು. ಜಾಗ ನೋಡದೆ ಅಂಕಿ ಬಾಯಿಬಿಡಬೇಡಿ. ಕುಶಾಲನಗರದಿಂದ ಭಾಗಮಂಡಲದ ಒಳಗಿನ ತೋಟಕ್ಕೆ ಹೋಗಿ ಬರುವಷ್ಟರಲ್ಲಿ ದಿನ ಮುಗಿಯುತ್ತದೆ. ಹಾಗಾಗಿ ನೋಡಿ ಬರುವುದಕ್ಕೆ 500 ರೂಪಾಯಿ, ಕೆಲಸ ಕೊಟ್ಟರೆ ಬಿಲ್ಲಿನಲ್ಲಿ ಕಳೆಯುತ್ತೇವೆ ಎನ್ನಿ. ಇದಕ್ಕೇ ಮುನಿಸಿಕೊಳ್ಳುವವರು ಮುಂದೆ ಪ್ರತಿ ಎಕ್ಸ್‌ಟ್ರಾ ಪಾಯಿಂಟಿಗೂ ಮುನಿಸಿಕೊಳ್ಳುತ್ತಾರೆ.

ಸ್ಥಳಕ್ಕೆ ಹೋದಾಗ ಗೋಡೆಯ ಜೊತೆಗೆ ಮಾತನ್ನೂ ಅಳೆಯಬೇಕು. ಹಿಂದಿನ ಕಂಟ್ರಾಕ್ಟರ್ ಒಬ್ಬನನ್ನು ಬೈದರೆ ಅದು ಮಾಮೂಲಿ. ಮೂವರನ್ನು ಬೈದರೆ ‘ಅವರ ಲೆಕ್ಕ ಚುಕ್ತಾ ಆಯ್ತಾ?’ ಎಂದು ನೇರವಾಗಿ ಕೇಳಿ. ಪೈಪು ಹೂತಿದೆ ಆದರೆ ವೈರು ಎಳೆದಿಲ್ಲ, ಒಂದು ಗೋಡೆಗೆ ಪುಟ್ಟಿ ಆಗಿದೆ ಪಕ್ಕದ್ದಕ್ಕೆ ಇಲ್ಲ ಎಂಬಂಥ ಅರೆಬರೆ ಕೆಲಸ ಕಂಡರೆ, ಬಿಟ್ಟುಹೋದವರು ಯಾರೆಂದು ತಿಳಿದು ಒಂದು ಫೋನ್ ಮಾಡಿ. ಈ ಜಿಲ್ಲೆಯಲ್ಲಿ ಅದನ್ನು ಪತ್ತೆಮಾಡಲು ಎರಡು ಕರೆ ಸಾಕು. ‘ಇದನ್ನ ಕಮ್ಮಿಗೆ ಮಾಡಿಕೊಡಿ, ಮುಂದೆ ರೆಸಾರ್ಟ್ ಕೆಲಸ ಇದೆ’ ಎನ್ನುವವರಿಗೆ ಉತ್ತರ ಸುಲಭ: ರಿಯಾಯಿತಿ ಏನಿದ್ದರೂ ಆ ರೆಸಾರ್ಟ್ ಬಿಲ್ಲಿನಲ್ಲಿ.

ಎಲ್ಲ ತಕರಾರಿಗೂ ಕೆಟ್ಟ ಮನುಷ್ಯರೇ ಕಾರಣವಲ್ಲ. ಐನ್‌ಮನೆ (ಕೊಡವ ಮನೆತನದ ಮೂಲಮನೆ) ರಿಪೇರಿಯನ್ನೇ ನೋಡಿ. ಮನೆತನದ ಹಿರಿಯರಾದ ಪಟ್ಟೆದಾರರು ಒಪ್ಪಿರುತ್ತಾರೆ, ದುಡ್ಡು ಬರಬೇಕಾದ್ದು ಒಕ್ಕದ, ಅಂದರೆ ಆ ಮನೆತನದ, ಹತ್ತಾರು ಮನೆಗಳಿಂದ. ಹೆಂಚು ಇಳಿಸಿದ ಮೇಲೆ ಮೈಸೂರಿನಿಂದ ಬಂದವರೊಬ್ಬರು ಹಳೇ ಮರವನ್ನೇ ಉಳಿಸಿ ಎನ್ನುತ್ತಾರೆ, ಇನ್ನೊಬ್ಬರು ಕಬ್ಬಿಣ ಹಾಕಿ ಎನ್ನುತ್ತಾರೆ. ಇಂಥಲ್ಲಿ ಹಣ ಹಿಡಿದಿರುವ ಒಬ್ಬರು, ತೀರ್ಮಾನ ಹೇಳುವ ಒಬ್ಬರು ಯಾರೆಂದು ಹೆಸರು ಸಮೇತ ಬರೆಸಿಕೊಳ್ಳಿ. ಅರ್ಧ ಮೊತ್ತ ಒಂದೆಡೆ ಸೇರುವವರೆಗೆ ಹೆಂಚಿಗೆ ಕೈಹಾಕಬೇಡಿ. ಯಜಮಾನರು ಬೆಂಗಳೂರಿನಲ್ಲಿದ್ದು ರೈಟರ್ (ತೋಟದ ಗುಮಾಸ್ತ) ಕೈಲಿ ಕೆಲಸ ಮಾಡಿಸುವ ತೋಟದಲ್ಲೂ ಇದೇ ಗೋಳು. ರೈಟರ್ ಹೇಳಿದ ಬದಲಾವಣೆಯನ್ನು ಅಂದೇ ಯಜಮಾನರಿಗೆ ವಾಟ್ಸಾಪ್ ಮಾಡಿ: ‘ಹಿಂದಿನ ರೂಮಿಗೆ 2 ಪಾಯಿಂಟ್ ಹೆಚ್ಚುವರಿ, 1,400 ರೂ. ಸರಿ ಎಂದು ಉತ್ತರ ಬಂದ ಮೇಲೆ ಶುರು.’ ಬರೀ ಬ್ಲೂ ಟಿಕ್ ಬಂದರೆ ಒಪ್ಪಿಗೆಯಲ್ಲ. ಹೋಂಸ್ಟೇ ಕೆಲಸವಾದರೆ ಯಾವ ರೂಮು ಯಾವ ತಾರೀಕಿನಿಂದ ಎಷ್ಟು ದಿನ ಖಾಲಿ ಎಂಬುದು ಕೊಟೇಶನ್ನಿನಲ್ಲೇ ಇರಲಿ. ಇಲ್ಲದಿದ್ದರೆ ಶುಕ್ರವಾರ ಸಂಜೆ ಗೆಸ್ಟ್ ಬಂದರೆಂದು ಹುಡುಗರು ಡ್ರಿಲ್ ಆಫ್ ಮಾಡಿ ಕೂರಬೇಕು, ಕೂಲಿ ನಿಮ್ಮದು.

ಇನ್ನು ‘ಕಾಫಿ ಮಾರಿದ ಮೇಲೆ ಕೊಡ್ತೀನಿ’ ಎಂಬ ಮಾತು. ಹೇಳುವವರು ಹೆಚ್ಚಿನಂಶ ಪ್ರಾಮಾಣಿಕರೇ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಮೇ ತಿಂಗಳಲ್ಲಿ ಮುಗಿಸಿದ ಕೆಲಸಕ್ಕೆ ಈ ಮಾತು ಒಪ್ಪಿದರೆ ಒಂಬತ್ತು-ಹತ್ತು ತಿಂಗಳ ಬಡ್ಡಿಯಿಲ್ಲದ ಸಾಲ ಕೊಟ್ಟಂತಾಯಿತು. ರೇಟು ಏರಿದರೆ ಇನ್ನೂ ಏರಲಿ ಎಂದು ಮೂಟೆ ಗೋದಾಮಿನಲ್ಲೇ ಇರುತ್ತದೆ, ಇಳಿದರೆ ಏರುವವರೆಗೆ ಇರುತ್ತದೆ. ಆದ್ದರಿಂದ ಬಾಕಿಯನ್ನು ಕಾಫಿಗೆ ಕಟ್ಟಬೇಡಿ, ತಾರೀಕಿಗೆ ಕಟ್ಟಿ, ಆ ತಾರೀಕಿನ ಚೆಕ್ ಪಡೆಯಿರಿ. ಚೆಕ್ಕಿನ ಮೇಲಿರುವ ತಾರೀಕಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು.

ಕಂತುಗಳಿಗೆ ಒಂದೇ ನಿಯಮ: ಕೊನೇ ಕಂತು ನಿಮ್ಮ ಲಾಭಕ್ಕಿಂತ ಚಿಕ್ಕದಿರಬೇಕು. 1,80,000 ರೂಪಾಯಿಯ ಕೆಲಸದಲ್ಲಿ ಸಾಮಾನಿಗೆ 90,000, ಕೂಲಿಗೆ 54,000, ಗಾಡಿ ಬಾಡಿಗೆಗೆ 9,000 ಹೋದರೆ ಉಳಿಯುವುದು 27,000. ಹಾಗಾದರೆ ಸಾಮಾನು ಇಳಿಸುವ ಮೊದಲೇ 90,000, ಅರ್ಧ ಮುಗಿದಾಗ 45,000, ಮುಕ್ಕಾಲು ಮುಗಿದಾಗ 27,000, ಕೊನೆಗೆ 18,000. ಆ ಕೊನೆಯದು ಮುಳುಗಿದರೂ ಕೂಲಿಯವರಿಗೆ ಕೈಯಿಂದ ಹಾಕುವ ಪಾಡು ಬರುವುದಿಲ್ಲ. ಅಡ್ವಾನ್ಸ್ ಎಂದೊಡನೆ ‘ನಮ್ಮ ಮೇಲೆ ನಂಬಿಕೆ ಇಲ್ವಾ?’ ಎನ್ನುವವರಿಗೆ ಸಾಮಾನನ್ನು ಅವರೇ ಅಂಗಡಿಯಿಂದ ನೇರ ತರಿಸಲಿ ಎನ್ನಿ. ಅದಕ್ಕೂ ಒಪ್ಪದಿದ್ದರೆ ಎದ್ದು ಬನ್ನಿ.

ಗ್ಯಾರಂಟಿ ಕೇಳುವವರನ್ನು ಎಚ್ಚರದಿಂದ ನೋಡಿ. ಮಡಿಕೇರಿ ಸುತ್ತ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ. ಜುಲೈಯಲ್ಲಿ ಒದ್ದೆ ಗೋಡೆಗೆ ಪುಟ್ಟಿ ಹಚ್ಚಿ ಬಣ್ಣ ಬಳಿದರೆ ಒಳಗಿನ ತೇವ ಹೊರಬರಲು ದಾರಿ ಹುಡುಕಿ ಪದರವನ್ನೇ ಗುಳ್ಳೆ ಎಬ್ಬಿಸುತ್ತದೆ, ದೂರು ಬರುವುದು ನಿಮ್ಮ ಮೇಲೆ. ಹೊಸ ಪ್ಲಾಸ್ಟರಿಗೆ 28 ದಿನ ಬಿಡದೆ ಬಣ್ಣ ಬೇಡ. ಹುತ್ತರಿ ಹಬ್ಬಕ್ಕೆ ಮುಗಿಯಲೇಬೇಕು ಎಂದು ಹಟ ಹಿಡಿದರೆ ಒಳಗಿನ ಒಣ ಗೋಡೆ ಮಾತ್ರ ಒಪ್ಪಿಕೊಳ್ಳಿ. ಸೋರಿಕೆಗೆ ‘ನಾವು ಮುಟ್ಟಿದ ಜಾಯಿಂಟಿಗೆ ಮಾತ್ರ ಒಂದು ಮಳೆಗಾಲ’ ಎಂದು ಬರೆಯಿರಿ, ಇಡೀ ಛಾವಣಿಗೆ ಬರೆಯಬೇಡಿ.

ಬೇಡವೆನ್ನುವಾಗ ರೇಟು ಏರಿಸಿ ತಪ್ಪಿಸಿಕೊಳ್ಳುವ ಚಾಳಿ ಒಳ್ಳೆಯದಲ್ಲ, ಅವರು ಒಪ್ಪಿಬಿಟ್ಟರೆ ಬಲೆಗೆ ಬಿದ್ದವರು ನೀವೇ. ‘ಈ ಸೀಸನ್ನಿಗೆ ಹುಡುಗರು ಖಾಲಿ ಇಲ್ಲ’ ಎಂದಷ್ಟೇ ಹೇಳಿ ನಿಲ್ಲಿಸಿ. ಕಾರಣ ಬಿಡಿಸಿ ಹೇಳಿದರೆ ಗೋಣಿಕೊಪ್ಪ ಸಂತೆಯಲ್ಲಿ ಅದು ನಿಮ್ಮ ಮಾತಿಗಿಂತ ಎರಡು ಪಟ್ಟು ಉದ್ದವಾಗಿರುತ್ತದೆ.

ನಡುವೆ ಬಿಟ್ಟುಬರಲೇಬೇಕಾದರೆ ಜಗಳದ ದಿನ ಬಿಡಬೇಡಿ. ಮಾರನೇ ದಿನ ಆಗಿರುವಷ್ಟು ಕೆಲಸದ ಅಳತೆ, ಫೋಟೋ ತೆಗೆದು, ಲೆಕ್ಕ ಕಳುಹಿಸಿ, ಏಣಿ, ಮೆಷಿನ್, ಸಾರುವೆಯ ಮರ ಮೊದಲು ಹೊರಗೆ ತನ್ನಿ. ಅವರ ದುಡ್ಡಿನ ಸಾಮಾನನ್ನು ಎಣಿಸಿ ರೈಟರ್ ಸಹಿ ಹಾಕಿಸಿಕೊಳ್ಳಿ. ದುಡ್ಡಿಲ್ಲದೆ ಚೆಕ್ ಬೌನ್ಸ್ ಆದರೆ ಬ್ಯಾಂಕಿನಿಂದ ವಿಷಯ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು. ಅದು ತಲುಪಿದ 15 ದಿನದಲ್ಲಿ ಹಣ ಬರದಿದ್ದರೆ ನಂತರದ ಒಂದು ತಿಂಗಳೊಳಗೆ ದೂರು ಹೂಡಬಹುದು. ಆದ್ದರಿಂದ ‘ಇನ್ನೊಂದ್ಸಲ ಹಾಕಿ ನೋಡಿ’ ಎನ್ನುವ ಪಾರ್ಟಿಯ ಮಾತು ಕೇಳುತ್ತಾ ಆ 30 ದಿನ ಕಳೆಯದೆ, ಬ್ಯಾಂಕಿನ ಮೆಮೊ ಕೈಗೆ ಬಂದ ವಾರದಲ್ಲೇ ವಕೀಲರ ಬಳಿ ಹೋಗಿ.