ಹಿತ್ತಲ ತರಗಿನಲ್ಲಿ ನವರಂಗ

ನವರಂಗ ಹಕ್ಕಿ ನೋಡಬೇಕಂದ್ರ ದಾಂಡೇಲಿ ಕಾಡಿಗೇ ಹೋಗಬೇಕು ಎನ್ನುವವರು ಧಾರವಾಡದಲ್ಲಿ ಬಹಳ. ಸಪ್ತಾಪುರದ ನಮ್ಮ ಹಿತ್ತಲಿನಲ್ಲಿ ಅದು ಮೇ ತಿಂಗಳಲ್ಲಿ ಕೆಲವು ದಿನ ತಂಗಿತ್ತು. ವಲಸೆಯ ದಾರಿಯಲ್ಲಿ ನಮ್ಮ ಮನೆ ಸಿಕ್ಕಿದ್ದು ಅದೃಷ್ಟವೇ ಇರಬಹುದು. ಆದರೆ ಬಂದ ಹಕ್ಕಿ ಇಲ್ಲೇ ನಿಂತದ್ದು ಮಾವಿನ ಮರದ ಕೆಳಗಿನ ತರಗೆಲೆಯಿಂದ, ಇದರಲ್ಲಿ ನನಗೆ ಅನುಮಾನವಿಲ್ಲ.

ಬೇಸಿಗೆ ಬಂತೆಂದರೆ ನಮ್ಮ ಕಡೆ ಹಿತ್ತಲು ಗುಡಿಸಿ, ಎಲೆ ಗುಡ್ಡೆ ಹಾಕಿ ಬೆಂಕಿ ಹಚ್ಚುವುದು ರೂಢಿ. ನಾನು ಅದನ್ನು ಬಿಟ್ಟು ವರ್ಷಗಳಾದವು. ಬಾಗಿಲ ಮುಂದೆ, ತುಳಸಿಕಟ್ಟೆಯ ಸುತ್ತ ಗುಡಿಸುತ್ತೇನೆ. ಮಾವು, ಪೇರಲ, ಕರಿಬೇವಿನ ಬುಡಕ್ಕೆ ಕಸಬರಿಗೆ ತಾಗಿಸುವುದಿಲ್ಲ. “ಹಾವು ಸೇರ್ತಾವ್ರೀ” ಎಂದು ಪಕ್ಕದ ಮನೆಯವರು ಎಚ್ಚರಿಸಿದ್ದರು. ಅವರ ಮಾತು ತಳ್ಳಿಹಾಕುವಂಥದ್ದಲ್ಲ, ಹಾಗಾಗಿ ಗೋಡೆಯ ಬುಡ ಮತ್ತು ಓಡಾಡುವ ದಾರಿಯನ್ನು ಬೋಳಾಗಿಯೇ ಇಟ್ಟಿದ್ದೇನೆ. ಉಳಿದ ಕಡೆ ಎಲೆಯ ಮೇಲೆ ಎಲೆ ಬಿದ್ದು ಅಡಿಯ ಪದರ ಕೊಳೆಯುತ್ತದೆ. ಏಪ್ರಿಲ್‌ನಲ್ಲಿ ಒಂದೆರಡು ಅಡ್ಡಮಳೆ ಹೊಡೆದರೆ ಸಾಕು, ಕೈಯಿಂದ ಸರಿಸಿದಲ್ಲೆಲ್ಲ ಎರೆಹುಳು, ಗೆದ್ದಲು, ಸಣ್ಣ ಜೀರುಂಡೆ. ನವರಂಗದ ಊಟ ಇರುವುದೇ ಅಲ್ಲಿ. ಅದು ಹೂವಿಗೋ ಹಣ್ಣಿಗೋ ಬರುವ ಹಕ್ಕಿಯಲ್ಲ.

ಮೊದಲು ಸಿಕ್ಕಿದ್ದು ದನಿ. ಬೆಳಕು ಹರಿಯುವ ಹೊತ್ತಿಗೆ ಎರಡೇ ಸ್ವರದ ಸಿಳ್ಳೆ, ಸ್ವಲ್ಪ ಬಿಟ್ಟು ಮತ್ತೆ ಅದೇ. ನಮ್ಮ ಮಡಿವಾಳ ಹಕ್ಕಿ ಹೀಗೆ ಕೂಗುವುದಿಲ್ಲ, ಅದು ರಾಗ ಎಳೆಯುತ್ತದೆ, ಬದಲಿಸುತ್ತದೆ. ಸಂಜೆ ಕತ್ತಲಾಗುವಾಗ ಅದೇ ಸಿಳ್ಳೆ ಮತ್ತೆ ಕೇಳಿತು. ಮುಂಜಾವು ಮತ್ತು ಮುಸ್ಸಂಜೆಗೆ ಹೀಗೆ ಕೂಗುವುದು ನವರಂಗದ ಸ್ವಭಾವವೆಂದು ಓದಿದ್ದೆ. ಮರುದಿನ ಅಡುಗೆಮನೆಯ ದೀಪ ಹಚ್ಚದೆ ಕಿಟಕಿಯ ಹಿಂದೆ ಕೂತೆ.

ಅದು ಕಂಡಿದ್ದು ಕೊಂಬೆಯಲ್ಲಲ್ಲ, ನೆಲದಲ್ಲಿ. ಮೈನಾಕ್ಕಿಂತ ಸಣ್ಣದು, ಮೋಟು ಬಾಲ, ಉದ್ದ ಕಾಲು. ಕುಪ್ಪಳಿಸಿ ಬಂದು, ಕೊಕ್ಕಿನಿಂದ ಒಂದೊಂದೇ ಎಲೆ ಎತ್ತಿ ಪಕ್ಕಕ್ಕೆ ಎಸೆಯುತ್ತಿತ್ತು. ಬೆನ್ನು ಹಸಿರು, ಎದೆ ತಿಳಿ ಕಂದು, ಗಂಟಲು ಬಿಳಿ, ಕಣ್ಣಿಗೆ ಅಡ್ಡಲಾಗಿ ದಪ್ಪ ಕಪ್ಪು ಪಟ್ಟಿ, ರೆಕ್ಕೆಯ ಮೇಲೆ ಹೊಳೆಯುವ ನೀಲಿ ತೇಪೆ. ತಿರುಗಿ ನಿಂತಾಗ ಬಾಲದಡಿಯ ಕೆಂಪು, ಇಳಕಲ್ ಸೀರೆಯ ಸೆರಗಿನಂಥ ಕೆಂಪು! ಇಷ್ಟೆಲ್ಲ ಬಣ್ಣವಿದ್ದೂ ನೆರಳಿನಲ್ಲಿ ಅಲ್ಲಾಡದೆ ನಿಂತರೆ ಕಣ್ಣಿಗೇ ಬೀಳದು. ಮೋಟು ಬಾಲ ಮೇಲೆ ಕೆಳಗೆ ಆಡಿದರೆ ಮಾತ್ರ ಪತ್ತೆ.

ಚಳಿಗಾಲವನ್ನು ದಕ್ಷಿಣ ಭಾರತ, ಶ್ರೀಲಂಕಾದಲ್ಲಿ ಕಳೆಯುವ ಈ ಹಕ್ಕಿ ಮರಿ ಮಾಡಲು ಮಧ್ಯ ಭಾರತಕ್ಕೆ, ಹಿಮಾಲಯದ ತಪ್ಪಲಿಗೆ ಹೋಗುತ್ತದೆ. ಪಶ್ಚಿಮ ಘಟ್ಟದ ಕೆಲವೆಡೆಯೂ ಗೂಡು ಕಟ್ಟುತ್ತದೆ. ಪ್ರಯಾಣ ರಾತ್ರಿ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಸೆರಗಿನಲ್ಲಿದೆ ನಮ್ಮ ಊರು. ದಣಿದು ಇಳಿಯುವ ಹಕ್ಕಿಗೆ ನೆರಳು, ಹಸಿ ನೆಲ ಎರಡೂ ಬೇಕು, ಅವು ಇಲ್ಲಿ ಇನ್ನೂ ಅಷ್ಟಿಷ್ಟು ಉಳಿದಿವೆ.

ಅದು ಇದ್ದಷ್ಟು ದಿನ ಹಿತ್ತಲ ದೀಪ ಆರಿಸಿಟ್ಟೆವು. ಮರದ ಬುಡದಲ್ಲಿ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟೆ. ಇಂಥ ಹೊಸ ಹಕ್ಕಿ ಕಂಡರೆ ಕಾಗೆಗಳು ಬೆನ್ನು ಹತ್ತುತ್ತವೆ, ಅದಕ್ಕೇ ಮುಸುರೆ, ಅನ್ನದ ಅಗುಳು ಹೊರಗೆ ಚೆಲ್ಲಲಿಲ್ಲ. ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯಿರಿ, ಚಂದದ ಫೋಟೊ ಸಿಗುತ್ತದೆ ಎಂದು ಸಲಹೆ ಬಂತು. ನಾನು ಒಪ್ಪಲಿಲ್ಲ. ಎದುರಾಳಿ ಬಂದನೆಂದು ಅದು ತಿನ್ನುವುದನ್ನು ಬಿಟ್ಟು ಹುಡುಕಾಡುತ್ತದೆ; ಇನ್ನೂ ನೂರಾರು ಕಿಲೋಮೀಟರು ಹಾರಬೇಕಾದ ಹಕ್ಕಿಗೆ ಅದು ಅನ್ಯಾಯ. ಕಿಟಕಿಯ ಹಿಂದಿನಿಂದ, ಫ್ಲ್ಯಾಶ್ ಇಲ್ಲದೆ ತೆಗೆದ ಮಸುಕು ಚಿತ್ರವೇ ಗುರುತಿಗೆ ಸಾಕಾಯಿತು. ಅದನ್ನೇ ಹಕ್ಕಿ ಕಂಡವರು ಮಾಹಿತಿ ಸೇರಿಸುವ ಇ-ಬರ್ಡ್ ಜಾಲತಾಣದಲ್ಲಿ ದಾಖಲಿಸಿದೆ.

ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇವು ದಕ್ಷಿಣಕ್ಕೆ ಮರಳುತ್ತವೆ. ಆಗ ನಿಮ್ಮ ಕಿಟಕಿ ಗಾಜಿಗೆ ಬಡಿದು ಬಿದ್ದಿದ್ದು ಕಂಡರೆ ಬಾಯಿಗೆ ನೀರು ಹನಿಸಬೇಡಿ. ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಬಟ್ಟೆ ಹಾಸಿ, ಅದರೊಳಗಿಟ್ಟು, ಗದ್ದಲವಿಲ್ಲದ ಕಡೆ ಒಂದು ತಾಸು ಮುಚ್ಚಿಡಿ. ಆಮೇಲೆ ಮರಗಳಿರುವಲ್ಲಿ, ಕಾಗೆ ಬೆಕ್ಕು ಇಲ್ಲದ್ದು ನೋಡಿಕೊಂಡು ಡಬ್ಬ ತೆರೆಯಿರಿ. ಹಾರದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.